ಹತ್ತರಲ್ಲಿ ಮೂರು ಸರಿ: ಅಡಿಕೆ ಅಂಗಳದ ಒಂದು ಗಾಲ್ಫ್ ಪ್ರಕರಣ

ಹಿನ್ನೆಲೆ

ಇಲ್ಲಿ ಅವರನ್ನು ರಾಯರು ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ. ಊರು ಕುಮಟಾ ತಾಲೂಕಿನಲ್ಲಿ, ಘಟ್ಟದ ಬುಡದ ಕಡೆ ಅಂದರೆ ಸಾಕು. ಗುರುತು ಸಿಗದ ಹಾಗೆ ಒಂದೆರಡು ಮನೆ ವಿವರ ಬದಲಿಸಿದ್ದೇನೆ, ಆಟಕ್ಕೆ ಸಂಬಂಧಿಸಿದ್ದನ್ನು ಮುಟ್ಟಿಲ್ಲ. ಬರೆಯಲಾ ಎಂದು ಕೇಳಿದಾಗ, “ಬರಿ ತಮಾ, ಬಚ್ಚಲುಮನೆ ಹಂಚಿನ ಸುದ್ದಿ ಒಂದು ಬಿಡು” ಎಂದಿದ್ದರು. ಅದನ್ನು ಬಿಟ್ಟರೆ ಕತೆ ಶುರುವಾಗುವುದೇ ಇಲ್ಲ.

ರಾಯರು ಬೆಂಗಳೂರಿನಲ್ಲಿ ಇಪ್ಪತ್ತೈದು ವರ್ಷ ನೌಕರಿ ಮಾಡಿದವರು. ಮೂವತ್ತೈದು ದಾಟಿದ ಮೇಲೆ ಗಾಲ್ಫ್ ಹಿಡಿದರು. ವಾರಕ್ಕೆರಡು ದಿನ ಆಡಿ ಆಡಿ ಹ್ಯಾಂಡಿಕ್ಯಾಪ್ 14ಕ್ಕೆ ಇಳಿಸಿದ್ದರು. ಹ್ಯಾಂಡಿಕ್ಯಾಪ್ ಅಂದರೆ ಆಟದ ಮಟ್ಟ ಹೇಳುವ ಅಂಕಿ, ಕಡಿಮೆ ಇದ್ದಷ್ಟೂ ಒಳ್ಳೆಯದು. ಹವ್ಯಾಸಕ್ಕೆ ಆಡುವವರಿಗೆ ಅದು ಒಳ್ಳೆಯ ಮಟ್ಟವೇ. 2014ರಲ್ಲಿ ಅಪ್ಪ ಹಾಸಿಗೆ ಹಿಡಿದರು. ತೋಟ ನೋಡುವವರಿಲ್ಲ. ನೌಕರಿ ಬಿಟ್ಟು ಊರಿಗೆ ಬಂದರು. ಗಾಲ್ಫ್ ಬ್ಯಾಗು ಮೆತ್ತಿ ಸೇರಿತು.

ನಾನು ಅಂಕೋಲೆ ಕಡೆಯವನು. ಹದಿನೆಂಟಕ್ಕೆ ಬೆಂಗಳೂರಿಗೆ ಹೋಗಿ ಕ್ಯಾಡಿ ಆದೆ. ಕ್ಯಾಡಿ ಅಂದರೆ ಬ್ಯಾಗು ಹೊರುವವನು ಅಂತ ಜನ ತಿಳಿದಿರುತ್ತಾರೆ. ಹೊರುವುದು ಅರ್ಧ ಕೆಲಸ. ಉಳಿದರ್ಧ ನೋಡುವುದು. ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿದ್ದವರೇ. 2009ರಲ್ಲಿ ಇಂಡಿಯನ್ ಓಪನ್ ಗಾಲ್ಫ್ ಪಂದ್ಯಾವಳಿ ಗೆದ್ದರು. ಆ ವಾರ ನಮ್ಮಂಥ ಹುಡುಗರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾನು ಮುನಿಯಪ್ಪ ಆಗಲಿಲ್ಲ, ಅದು ಬೇರೆ ಮಾತು. ಒಬ್ಬ ಕೋಚ್ ಕೈಕೆಳಗೆ ಕೆಲವು ವರ್ಷ ಕಲಿಸುವ ಕೆಲಸ ಮಾಡಿ ವಾಪಸ್ ಬಂದೆ. ಈಗ ಕುಮಟೆಯಲ್ಲಿ ಪೈಪು, ನಲ್ಲಿ ಮಾರುವ ಅಂಗಡಿ ಇದೆ.

ರಾಯರು ಒಂದು ದಿನ ತೋಟಕ್ಕೆ ಪೈಪು ಕೊಳ್ಳಲು ಬಂದರು. ಸಣ್ಣ ಪೈಪೊಂದನ್ನು ಎರಡೂ ಕೈಯಲ್ಲಿ ಹಿಡಿದು ಸುಮ್ನೆ ತಿರುವುತ್ತಾ ನಿಂತಿದ್ದರು. ನೋಡಿದೆ. ಬಲಗೈ ಕಿರುಬೆರಳು ಎಡಗೈ ತೋರುಬೆರಳಿನ ಮೇಲೆ ಕೂತಿತ್ತು. ಪೈಪನ್ನು ಯಾರೂ ಹಾಗೆ ಹಿಡಿಯುವುದಿಲ್ಲ, ಅದು ಗಾಲ್ಫ್ ಹಿಡಿತ. “ಎಲ್ಲಿ ಆಡ್ತಿದ್ರಿ ರಾಯರೇ?” ಅಂದೆ. ಅವರು ಪೈಪು ಕೆಳಗಿಟ್ಟರು. ಆ ದಿನ ಅಂಗಡಿ ಬಾಗಿಲು ಹಾಕಿದ್ದು ಒಂದು ಗಂಟೆ ತಡ.

ತೊಂದರೆ

2023ರ ಅಕ್ಟೋಬರ್. ಮಳೆ ಬಿಟ್ಟಿತ್ತು. ರಾಯರಿಗೆ ಐವತ್ತೆಂಟು. ಒಂಬತ್ತು ವರ್ಷದ ಮೇಲೆ ಕ್ಲಬ್, ಅಂದರೆ ಗಾಲ್ಫ್ ಕೋಲು, ಮುಟ್ಟುತ್ತಿದ್ದರು. ಕುಮಟೆಯಲ್ಲಿ ಗಾಲ್ಫ್ ಮೈದಾನ ಇಲ್ಲ. ಇದ್ದದ್ದು ಅವರ ಮನೆಯ ಅಡಿಕೆ ಒಣಗಿಸುವ ಅಂಗಳ. ನಾಲ್ಕು ಅಡಿಕೆ ಮರದ ಕಂಬ ನೆಟ್ಟು, ತದಡಿಯಿಂದ ತಂದ ಹಳೇ ಮೀನುಬಲೆ ಕಟ್ಟಿದೆವು. ಚೆಂಡನ್ನು ಬಲೆಗೆ ಹೊಡೆಯುವುದು ಅಂತ ಲೆಕ್ಕ.

ಗಾಲ್ಫ್ ಚೆಂಡಿನ ಅಡ್ಡಳತೆ 42.67 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು ಎಂಬ ನಿಯಮ ಇದೆ. ನಾನು ಅದನ್ನು ಎಷ್ಟೋ ಜನಕ್ಕೆ ಹೇಳಿಕೊಟ್ಟವನು. ಬಲೆಯ ಕಣ್ಣು ಅಳೆಯಬೇಕು ಅಂತ ಮಾತ್ರ ಹೊಳೆಯಲಿಲ್ಲ. ಅದು ದೊಡ್ಡ ಮೀನಿನ ಬಲೆ. ರಾಯರ ಮೊದಲ ಒಳ್ಳೆಯ ಹೊಡೆತ ಆ ಕಣ್ಣಿನೊಳಗಿಂದ ಪಾರಾಗಿ ಬಚ್ಚಲುಮನೆಯ ಮೂರು ಹಂಚು ಒಡೆಯಿತು. ಅಮ್ಮ, ಅಂದರೆ ರಾಯರ ಹೆಂಡತಿ, ಹೊರಗೆ ಬಂದು ನೋಡಿ ಏನೂ ಹೇಳದೆ ಒಳಗೆ ಹೋದರು. ಮರುದಿನ ಸಣ್ಣ ಕಣ್ಣಿನ ಬಲೆ ತಂದೆವು.

ಆ ಒಂದು ಹೊಡೆತ ನಮ್ಮನ್ನು ಹಾದಿ ತಪ್ಪಿಸಿತು. “ಸ್ವಿಂಗ್ ಇದೆ, ತುಕ್ಕು ಹಿಡಿದಿದೆ ಅಷ್ಟೇ” ಎಂದು ನಾನೇ ಹೇಳಿದೆ. ಸ್ವಿಂಗ್ ಅಂದರೆ ಕ್ಲಬ್ ಬೀಸುವ ರೀತಿ. ಹತ್ತು ಚೆಂಡು ಹೊಡೆಸಿ ಲೆಕ್ಕ ಇಡಲು ಶುರು ಮಾಡಿದಾಗ ನಿಜ ಗೊತ್ತಾಯಿತು. ಹತ್ತರಲ್ಲಿ ಮೂರು ಸರಿ. ಉಳಿದ ಏಳರಲ್ಲಿ ಕೆಲವು ಫ್ಯಾಟ್, ಅಂದರೆ ಕ್ಲಬ್ ಚೆಂಡಿಗಿಂತ ಮುಂಚೆ ನೆಲಕ್ಕೆ ಬಡಿಯುವುದು. ಕೆಲವು ಟಾಪ್, ಅಂದರೆ ಚೆಂಡಿನ ತಲೆ ಸವರಿಕೊಂಡು ಹೋಗುವುದು. ಬಹಳಷ್ಟು ಬಲಕ್ಕೆ ಹೋಗುತ್ತಿದ್ದವು. ನಾಳೆ ಮತ್ತೆ ಹತ್ತು ಹೊಡೆದರೂ ಮೂರು ಸರಿ. ಆದರೆ ತಪ್ಪಿನ ಏಳು ಬೇರೆ ಥರ.

ಇಲ್ಲಿ ನಾನು ನಿಂತು ಯೋಚಿಸಬೇಕಿತ್ತು. ಸ್ವಿಂಗ್‌ನಲ್ಲಿ ಒಂದು ದೋಷ ಕೂತಿದ್ದರೆ ಚೆಂಡು ಹೆಚ್ಚಾಗಿ ಒಂದೇ ಥರ ತಪ್ಪುತ್ತದೆ. ಯಾವಾಗಲೂ ಬಲಕ್ಕೆ, ಅಥವಾ ಯಾವಾಗಲೂ ಫ್ಯಾಟ್. ಒಮ್ಮೆ ನೆಲ, ಒಮ್ಮೆ ಚೆಂಡಿನ ತಲೆ ಅಂದರೆ ಪ್ರತಿ ಸಲ ಶುರುವಾಗುವ ಜಾಗವೇ ಬೇರೆ ಆಗುತ್ತಿದೆ ಅಂತ ಮೊದಲ ಅನುಮಾನ ಬರಬೇಕು. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಒಂದೂವರೆ ತಿಂಗಳು ಬೇರೆ ಕಡೆ ಹುಡುಕಿದೆ.

ಏನೇನು ಮಾಡಿ ನೋಡಿದೆವು

ಮೊದಲು ಹಿಡಿದದ್ದು ಹಳೇ ವಿಡಿಯೊ. 2012ರಲ್ಲಿ ಯಾರೋ ಫೋನಿನಲ್ಲಿ ತೆಗೆದದ್ದು ರಾಯರ ಹತ್ತಿರ ಇತ್ತು. ಚಂದದ ಸ್ವಿಂಗ್. ಕ್ಲಬ್ ಮೇಲೆ ಹೋಗಿ ನೆಲಕ್ಕೆ ಸಮನಾಗಿ ನಿಲ್ಲುತ್ತದೆ, ಎಡಗೈ ನೇರ, ಸೊಂಟ ಸಲೀಸಾಗಿ ತಿರುಗುತ್ತದೆ. ಅದನ್ನೇ ವಾಪಸ್ ತರೋಣ ಅಂದರು ರಾಯರು. ನಾನೂ ಹ್ಞೂಂ ಅಂದೆ. ಆದರೆ ಅದು ನಲವತ್ತೇಳರ ಮೈ. ಈಗಿನ ಸೊಂಟ ಅಷ್ಟು ತಿರುಗುವುದಿಲ್ಲ. ಕ್ಲಬ್ಬನ್ನು ಅಲ್ಲಿಯ ತನಕ ಒಯ್ಯಲೇಬೇಕೆಂದು ಹಟ ಮಾಡಿದಾಗ ಎಡಮೊಣಕೈ ಮಡಚಿತು, ಬೆನ್ನು ಬಾಗಿತು. ಎಂಟನೇ ದಿನ ಬೆನ್ನು ಹಿಡಿದುಕೊಂಡಿತು. ಹತ್ತು ದಿನ ಎಲ್ಲ ಬಂದ್. ಫಿಸಿಯೋಥೆರಪಿಸ್ಟ್ ಒಬ್ಬರು ಸೊಂಟ, ಬೆನ್ನು ಸಡಿಲ ಮಾಡುವ ನಾಲ್ಕು ವ್ಯಾಯಾಮ ಹೇಳಿಕೊಟ್ಟರು. ಅದನ್ನು ರಾಯರು ಇಂದಿಗೂ ಬಿಟ್ಟಿಲ್ಲ.

ಮಲಗಿದ ಹತ್ತು ದಿನ ಅವರು ಯೂಟ್ಯೂಬ್ ನೋಡಿದರು. ಇದು ಬೆನ್ನುನೋವಿಗಿಂತ ಜಾಸ್ತಿ ತ್ರಾಸು ಕೊಟ್ಟಿತು. ರಾತ್ರಿ ಒಂದು ವಿಡಿಯೊ, ಬೆಳಿಗ್ಗೆ ಒಂದು ಹೊಸ ಸ್ವಿಂಗ್. ಸೋಮವಾರ ಬಲಮೊಣಕೈ ಪಕ್ಕೆಗೆ ಅಂಟಿರಬೇಕು, ಮಂಗಳವಾರ ಅಂಟಬಾರದು. ಗುರುವಾರದ ಹೊತ್ತಿಗೆ ಅವರಿಗೆ ಕೈ ಎಲ್ಲಿದೆ ಅಂತಲೇ ಗೊತ್ತಿರಲಿಲ್ಲ. ಒಂದು ವಾರ ಫೋನ್ ಅಮ್ಮನ ಹತ್ತಿರ ಇರಲಿ ಎಂದು ನಿರ್ಧಾರ ಮಾಡಿದೆವು. ಇಡೀ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ ಮೊದಲ ಕೆಲಸ ಬಹುಶಃ ಅದೇ.

ಆಮೇಲೆ ಗ್ರಿಪ್, ಅಂದರೆ ಕ್ಲಬ್ಬಿನ ರಬ್ಬರು ಹಿಡಿಕೆ. ಒಂಬತ್ತು ಮಳೆಗಾಲ ಮೆತ್ತಿಯ ಮೇಲೆ ಕಳೆದ ರಬ್ಬರು ಗಟ್ಟಿಯಾಗಿ, ಜಾರುವಂತಾಗಿತ್ತು. ಬೂಸ್ಟು ಒರೆಸಿದ್ದೆವು ಅಷ್ಟೇ. ಕ್ಲಬ್ ಕೈಯಿಂದ ಹಾರಿ ಹೋದೀತು ಎಂದು ರಾಯರು ಬಿಗಿಯಾಗಿ ಹಿಡಿಯುತ್ತಿದ್ದರು. ಒಂದು ದಿನ ಅವರ ಮುಂಗೈ ಮುಟ್ಟಿ ನೋಡಿದೆ, ಒನಕೆಯ ಹಾಗಿತ್ತು. ಮುಂಗೈ ಅಷ್ಟು ಬಿಗಿದರೆ ಹೊಡೆಯುವ ಹೊತ್ತಿಗೆ ಕ್ಲಬ್ಬಿನ ಮುಖ ತಿರುಗಿ ನೇರವಾಗುವುದಿಲ್ಲ, ತೆರೆದೇ ಇರುತ್ತದೆ. ಚೆಂಡು ಯಾವ ಕಡೆ ಹೊರಡುತ್ತದೆ ಎಂಬುದನ್ನು ಬಹುಮಟ್ಟಿಗೆ ಆ ಮುಖವೇ ತೀರ್ಮಾನಿಸುತ್ತದೆ. ಹಾಗಾಗಿ ಬಲಕ್ಕೆ ಹೋಗುತ್ತಿತ್ತು. ಹೊಸ ಗ್ರಿಪ್ ಕೊರಿಯರ್‌ನಲ್ಲಿ ತರಿಸಿದೆವು. ಹಳೆಯದನ್ನು ಬ್ಲೇಡಿನಿಂದ ಸೀಳಿ ತೆಗೆದು, ಎರಡೂ ಕಡೆ ಅಂಟುವ ಟೇಪ್ ಸುತ್ತಿ, ಟರ್ಪೆಂಟೈನ್ ಸುರಿದು, ಹೊಸದನ್ನು ಒಂದೇ ಉಸಿರಿಗೆ ತಳ್ಳಿ ಕೂರಿಸಿದೆವು. ಜಗಲಿಯಲ್ಲೆಲ್ಲ ಎರಡು ದಿನ ಟರ್ಪೆಂಟೈನ್ ವಾಸನೆ.

ಬಲಕ್ಕೆ ಹೋಗುವುದು ಕಡಿಮೆಯಾಯಿತು. ಹತ್ತರಲ್ಲಿ ಮೂರು ಇದ್ದದ್ದು ನಾಲ್ಕು, ಕೆಲವೊಮ್ಮೆ ಐದು. ನಮಗೆ ಖುಷಿಯೋ ಖುಷಿ. ಆದರೆ ಅದೇ ವಾರ ಹೊಡೆಯುವ ಮ್ಯಾಟ್ ಕೂಡ ಬದಲಿಸಿದ್ದೆವು, ಶೂ ಕೂಡ. ಯಾವುದರಿಂದ ಎಷ್ಟು ಸುಧಾರಿಸಿತು ಎಂದು ಹೇಳಲು ದಾರಿಯೇ ಇರಲಿಲ್ಲ. ಫ್ಯಾಟ್ ಮತ್ತು ಟಾಪ್ ಹಾಗೇ ಉಳಿದವು.

ರಂಗೋಲಿ ಗೆರೆ

ನೆಲದ ವಿಷಯ ನೆಲದಲ್ಲೇ ನೋಡೋಣ ಅಂತ ಚೆಂಡು ಪಕ್ಕಕ್ಕಿಟ್ಟೆ. ಅಂಗಳದ ಮೂಲೆಯಲ್ಲಿ ರಂಗೋಲಿ ಪುಡಿಯಿಂದ ಉದ್ದಕ್ಕೆ ಒಂದು ಗೆರೆ ಎಳೆದೆ. ಗೆರೆ ಎರಡು ಕಾಲಿನ ನಡುವೆ ಬರುವ ಹಾಗೆ ನಿಲ್ಲುವುದು, ಮೆಲ್ಲಗೆ ಬೀಸುವುದು, ಕ್ಲಬ್ ನೆಲ ಸವರಿದ ಗುರುತು ಎಲ್ಲಿ ಶುರುವಾಗಿದೆ ನೋಡುವುದು. ಐರನ್, ಅಂದರೆ ಲೋಹದ ಚಪ್ಪಟೆ ತಲೆಯ ಕ್ಲಬ್ಬಿನ ಹೊಡೆತಕ್ಕೆ ಚೆಂಡು ಮೊದಲು, ನೆಲ ಆಮೇಲೆ. ಅಂದರೆ ಗುರುತು ಗೆರೆಯಿಂದ ಎಡಕ್ಕೆ, ಗುರಿಯ ಕಡೆಗೆ ಬೀಳಬೇಕು. ಇದು ಗಾಲ್ಫ್ ಕಲಿಸುವವರೆಲ್ಲ ಮಾಡಿಸುವ ಹಳೇ ಅಭ್ಯಾಸ. ರಂಗೋಲಿ ಒಂದು ನಮ್ಮದು.

ಹತ್ತು ಬೀಸಿಗೆ ಹತ್ತು ಗುರುತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಒಂದು ಗೆರೆಗಿಂತ ಬಹಳ ಹಿಂದೆ, ಒಂದು ಎರಡು ಬೆರಳು ಮುಂದೆ, ಎರಡು ಸಲ ನೆಲವೇ ಮುಟ್ಟಿಲ್ಲ. ಒಟ್ಟು ಹರವು ಒಂದು ಗೇಣಿಗೂ ಜಾಸ್ತಿ. ಸಾರಿಸಿದ ಅಂಗಳ ಕೆತ್ತಿ ಹೋಗಿತ್ತು.

ಅಮ್ಮ ಸಗಣಿ ಬುಟ್ಟಿ ಹಿಡಿದು ಅದನ್ನು ಸರಿಮಾಡಲು ಬಂದಿದ್ದರು. ಸ್ವಲ್ಪ ಹೊತ್ತು ನಿಂತು ನೋಡಿದರು. ರಾಯರು ತಲೆ ಬಗ್ಗಿಸಿದರು, ಎತ್ತಿದರು, ಮತ್ತೆ ಬಗ್ಗಿಸಿ ಗಲ್ಲವನ್ನು ಎದೆಗೆ ಒತ್ತಿಕೊಂಡರು, ಬೀಸಿದರು. ಅಮ್ಮ ನನ್ನ ಕಡೆ ತಿರುಗಿ, “ಮೆಟ್ಟಿಲು ಇಳಿಯುವಾಗಲೂ ಇವರು ಹೀಗೇ ಮಾಡ್ತಾರೆ ತಮಾ. ಹೊಸ ಕನ್ನಡಕ ಬಂದಾಗಿಂದ” ಅಂದರು. ಹೇಳಿ ಸಾರಿಸಲು ಕೂತರು.

ನಾನು ಮಾತಾಡಲಿಲ್ಲ. ಹಿಂದಿನ ಒಂದು ತಿಂಗಳ ವಿಡಿಯೊಗಳು ನನ್ನ ಫೋನಿನಲ್ಲಿದ್ದವು. ಜಗಲಿಯಲ್ಲಿ ಕೂತು ಒಂದೊಂದೇ ತೆರೆದೆ. ಇಷ್ಟು ದಿನ ಅವನ್ನೆಲ್ಲ ನೋಡಿದ್ದೆ. ಆದರೆ ನೋಡಿದ್ದು ಕ್ಲಬ್ ಹಿಂದಕ್ಕೆ ಹೊರಟಲ್ಲಿಂದ. ಅದಕ್ಕೂ ಮುಂಚಿನ ನಾಲ್ಕೈದು ಸೆಕೆಂಡನ್ನು ಬೆರಳಿನಿಂದ ಎಳೆದು ದಾಟಿಸುತ್ತಿದ್ದೆ. ಈಗ ಆ ಭಾಗವನ್ನೇ ನಿಲ್ಲಿಸಿ ನಿಲ್ಲಿಸಿ ನೋಡಿದರೆ, ಪ್ರತಿ ಹೊಡೆತಕ್ಕೂ ಗಲ್ಲ ಬೇರೆ ಎತ್ತರದಲ್ಲಿ. ಸರಿ ಹೋದ ಹೊಡೆತಗಳಲ್ಲಿ ಹೆಚ್ಚುಕಡಿಮೆ ಒಂದೇ ಕಡೆ.

ರಾಯರದು ಪ್ರೊಗ್ರೆಸಿವ್ ಕನ್ನಡಕ. ಮೇಲಿನ ಭಾಗ ದೂರಕ್ಕೆ, ಕೆಳಗಿನದು ಓದಲಿಕ್ಕೆ, ನಡುವೆ ನಂಬರು ನಿಧಾನಕ್ಕೆ ಬದಲಾಗುತ್ತಾ ಹೋಗುತ್ತದೆ. 2014ರಲ್ಲಿ ಅವರಿಗೆ ಇದ್ದದ್ದು ದೂರದ ನಂಬರು ಮಾತ್ರ. ಗಾಲ್ಫ್‌ನಲ್ಲಿ ಚೆಂಡು ಕಾಲಬುಡದಲ್ಲಿ, ಕಣ್ಣಿನಿಂದ ಸುಮಾರು ಒಂದೂವರೆ ಮೀಟರ್ ದೂರ. ಕೆಳಗೆ ನೋಡಿದರೆ ದೃಷ್ಟಿ ಹೋಗುವುದು ಓದುವ ಭಾಗದ ಮೂಲಕ. ಅದು ಕೈಯಲ್ಲಿ ಹಿಡಿದ ಪೇಪರ್‌ಗೆ ಮಾಡಿದ ಗಾಜು. ಚೆಂಡು ಮಬ್ಬಾಗಿ, ಇದ್ದದ್ದಕ್ಕಿಂತ ಹತ್ತಿರ ಕಾಣುತ್ತದೆ. ಸ್ಪಷ್ಟ ಕಾಣಬೇಕೆಂದರೆ ಗಲ್ಲ ಎದೆಗೆ ಒತ್ತಿ ಮೇಲಿನ ಗಾಜಿನಿಂದ ನೋಡಬೇಕು. ಹಾಗೆ ಮಾಡಿದರೆ ಎಡಭುಜ ಗಲ್ಲದ ಕೆಳಗೆ ತಿರುಗಲು ಜಾಗ ಇಲ್ಲ, ತಲೆಯೇ ಏಳುತ್ತದೆ. ರಾಯರು ಒಮ್ಮೆ ಹೀಗೆ, ಒಮ್ಮೆ ಹಾಗೆ, ಒಮ್ಮೆ ನಡುವೆ. ಅವರಿಗೇ ಗೊತ್ತಿಲ್ಲದೆ.

“ಕನ್ನಡಕ ತೆಗೆದು ಹೊಡೀರಿ” ಅಂದೆ.

“ಚೆಂಡೇ ಸರಿ ಕಾಣೂದಿಲ್ಲ ಮಾರಾಯ.”

“ಬಿಳಿ ಚುಕ್ಕೆ ಕಂಡರೆ ಸಾಕು.”

ಹೊಸ ಗೆರೆ ಎಳೆದೆ. ಹತ್ತು ಬೀಸು. ಗುರುತುಗಳ ಹರವು ನಾಲ್ಕು ಬೆರಳಿಗೆ ಬಂತು. ಇನ್ನೂ ಹೆಚ್ಚಿನವು ಗೆರೆಯ ಹಿಂದೆಯೇ ಇದ್ದವು. ಆದರೆ ಎಲ್ಲ ಒಂದೇ ಕಡೆ. ರಾಯರಿಗೆ ಬೇಜಾರಾಯಿತು, ತಪ್ಪು ತಪ್ಪೇ ಅಲ್ವಾ ಅಂತ. ನನಗೆ ಕುಣಿಯುವಷ್ಟು ಖುಷಿ. ಒಂದೇ ಕಡೆ ಬೀಳುವ ತಪ್ಪನ್ನು ತಿದ್ದಲು ನನಗೆ ಬರುತ್ತದೆ.

ಕನ್ನಡಕದ ಅಂಗಡಿಯಲ್ಲಿ ದೂರದ ನಂಬರು ಮಾತ್ರ ಇರುವ ಇನ್ನೊಂದು ಜೊತೆ ಮಾಡಿಸಿದೆವು. ಒಂದೂವರೆ ತಿಂಗಳ ಗೋಳಿಗೆ ಅಷ್ಟೇ ಮದ್ದು.

ಅಂಗಳ ಹೋಯಿತು, ಕಡಲು ಸಿಕ್ಕಿತು

ಡಿಸೆಂಬರ್ ಬಂತು. ಕೊನೆಗೌಡ ಮರ ಹತ್ತಿದ, ಅಡಿಕೆ ಇಳಿಯಿತು, ಅಂಗಳದ ತುಂಬ ಅಡಿಕೆ ಹರಡಿತು. ಬಲೆ ಬಿಚ್ಚಿದೆವು. ಆಗ ನಿಲ್ಲಿಸಿಬಿಡುವ ಮಾತೂ ಬಂತು. ಮಾರ್ಚ್ ತನಕ ಅಂಗಳ ಸಿಗುವುದಿಲ್ಲ. ನಾನು ಬಾಡದ ಕಡಲತೀರಕ್ಕೆ ಹೋಗೋಣ ಅಂದೆ. ಚೆಂಡು ಬೇಡ, ಜನ ಓಡಾಡುವ ಜಾಗ. ಬರೀ ಕ್ಲಬ್.

ಇದು ಲಾಭವೇ ಆಯಿತು. ಇಳಿತದ ಹೊತ್ತಿಗೆ ಒದ್ದೆ ಮರಳು ಗಟ್ಟಿಯಾಗಿ, ಸಪಾಟಾಗಿ ಇರುತ್ತದೆ. ಕೋಲಿನಿಂದ ಗೆರೆ ಎಳೆದರೆ ಆಯಿತು. ಕ್ಲಬ್ ಆಳಕ್ಕೆ ಹೋದರೆ ಮರಳು ತಡೆಯುತ್ತದೆ, ಕೈಗೆ ತಕ್ಷಣ ಗೊತ್ತಾಗುತ್ತದೆ. ಚೆಂಡು ಇಲ್ಲದ್ದರಿಂದ ಅದು ಎಲ್ಲಿ ಹೋಯಿತು ಎಂದು ನೋಡುವ ಚಪಲವೂ ಇಲ್ಲ. ಮೀನಿಗೆ ಬಂದವರೊಬ್ಬರು ದೂರದಿಂದ ನೋಡಿ ನೋಡಿ, ಕೊನೆಗೆ ಹತ್ತಿರ ಬಂದು, “ಬಳಚು ಹುಡುಕ್ತಾ ಇದ್ದೀರಾ?” ಎಂದು ಕೇಳಿದರು. ಬಳಚು ಅಂದರೆ ಚಿಪ್ಪುಮೀನು. ರಾಯರು ಹೌದು ಅಂದುಬಿಟ್ಟರು.

ಅಲ್ಲಿಯೇ ಹಳೇ ಸ್ವಿಂಗ್‌ನ ಆಸೆ ಬಿಟ್ಟದ್ದು. ಕ್ಲಬ್ಬನ್ನು ಮುಕ್ಕಾಲು ದೂರಕ್ಕೆ ಮಾತ್ರ ಒಯ್ಯುವುದು ಎಂದು ತೀರ್ಮಾನಿಸಿದೆವು. ಎರಡೂ ಪಾದದ ತುದಿ ಸ್ವಲ್ಪ ಹೊರಗೆ ತಿರುಗಿಸಿದೆವು, ಸೊಂಟಕ್ಕೆ ಜಾಗ ಸಿಗಲಿ ಅಂತ. ಹಿಂದಕ್ಕೆ ಹೋಗುವಾಗ ಎಡಹಿಮ್ಮಡಿ ಎದ್ದರೆ ಏಳಲಿ ಅಂದೆ. ಮೊದಲಿನ ಕಾಲದ ಎಷ್ಟೋ ದೊಡ್ಡ ಆಟಗಾರರ ಹಿಮ್ಮಡಿ ಏಳುತ್ತಿತ್ತು. ಗೆರೆಯ ಹಿಂದೆ ಬೀಳುತ್ತಿದ್ದ ಗುರುತಿಗೆ ಕಾರಣ ಭಾರ ಬಲಗಾಲಿನಲ್ಲೇ ಉಳಿಯುತ್ತಿದ್ದದ್ದು. ಬೀಸಿದ ಮೇಲೆ ಬಲಪಾದ ಎತ್ತಿ ಒಂದು ಹೆಜ್ಜೆ ಮುಂದೆ ನಡೆಯಿರಿ ಎಂದೆ. ಭಾರ ಎಡಕ್ಕೆ ಬಂದಿರದಿದ್ದರೆ ಆ ಹೆಜ್ಜೆ ಇಡಲು ಆಗುವುದಿಲ್ಲ. ಒಂದು ವಾರದಲ್ಲಿ ಗುರುತು ಗೆರೆ ದಾಟಿ ಮುಂದೆ ಬಂತು.

ಲಯದ್ದು ಸ್ವಲ್ಪ ಹೊತ್ತು ಹಿಡಿಯಿತು. ಒಳ್ಳೆಯ ಆಟಗಾರರಲ್ಲಿ ಕ್ಲಬ್ ಹಿಂದಕ್ಕೆ ಹೋಗುವ ಸಮಯ, ಕೆಳಗೆ ಬರುವ ಸಮಯದ ಸುಮಾರು ಮೂರರಷ್ಟು ಇರುತ್ತದೆ. ಒಂದು, ಎರಡು, ಮೂರು ಎಣಿಸುತ್ತಾ ಹಿಂದೆ, ನಾಲ್ಕಕ್ಕೆ ಹೊಡೆತ. ರಾಯರು ಎರಡಕ್ಕೇ ಹೊಡೆಯುತ್ತಿದ್ದರು. ಸ್ವಭಾವ, ಏನು ಮಾಡುವುದು. ನಾನು ಗಟ್ಟಿಯಾಗಿ ಎಣಿಸುವುದು, ಅವರು ಬೈಯುವುದು, ಜನವರಿ ಪೂರ್ತಿ ಹೀಗೇ ನಡೆಯಿತು.

ಈಗ ನಾನು ಮಾಡುವ ರೀತಿ

ಈ ಪ್ರಕರಣದ ನಂತರ ನನ್ನ ಹತ್ತಿರ ಇಬ್ಬರು ಬಂದಿದ್ದಾರೆ, ಇಬ್ಬರೂ ಐವತ್ತು ದಾಟಿದವರು, ಬಹಳ ವರ್ಷ ಬಿಟ್ಟು ಮತ್ತೆ ಶುರು ಮಾಡುವವರು. ನಾನು ಮೊದಲು ಸ್ವಿಂಗ್ ನೋಡುವುದಿಲ್ಲ. ಆಟ ಬಿಟ್ಟ ಮೇಲೆ ಮೈಮೇಲೆ ಏನೇನು ಬದಲಾಗಿದೆ ಎಂದು ಕೇಳುತ್ತೇನೆ. ಕನ್ನಡಕ, ಮೊಣಕಾಲು, ಬೆನ್ನು, ತೂಕ. ಕ್ಲಬ್ಬಿನ ಗ್ರಿಪ್ ಮುಟ್ಟಿ ನೋಡುತ್ತೇನೆ. ಆಮೇಲೆ ಇಪ್ಪತ್ತು ಹೊಡೆತದ ತಪ್ಪುಗಳನ್ನು ಬರೆದುಕೊಳ್ಳುತ್ತೇನೆ. ತಪ್ಪು ಒಂದೇ ಥರ ಇದ್ದರೆ ಸ್ವಿಂಗ್‌ಗೆ ಕೈ ಹಾಕುತ್ತೇನೆ. ಚೆಲ್ಲಾಪಿಲ್ಲಿ ಇದ್ದರೆ ನಿಲ್ಲುವ ರೀತಿ ಬಿಟ್ಟು ಬೇರೆ ಕಡೆ ಹೋಗುವುದೇ ಇಲ್ಲ. ಒಂದು ವಾರಕ್ಕೆ ಒಂದೇ ಬದಲಾವಣೆ. ಮನೆಯವರು ಏನಾದರೂ ಹೇಳಿದರೆ ಕೇಳಿಸಿಕೊಳ್ಳುತ್ತೇನೆ. ಹಳೇ ವಿಡಿಯೊ ತಂದರೆ ನೋಡಿ, ಚೆನ್ನಾಗಿದೆ ಎಂದು ವಾಪಸ್ ಕೊಡುತ್ತೇನೆ.

ಕಾಣಕೋಣ

ಫೆಬ್ರವರಿ ಕೊನೆಗೆ ಗಡಿ ದಾಟಿ ಗೋವೆಯ ಕಾಣಕೋಣದ ಕಡೆ ಹೋದೆವು. ಅಲ್ಲೊಂದು ಒಂಬತ್ತು ಹೋಲ್‌ಗಳ ಮೈದಾನ ಇದೆ. ಕುಮಟೆಯಿಂದ ನೂರು ಕಿಲೋಮೀಟರ್ ಆಸುಪಾಸು. ಅಮ್ಮನೂ ಬಂದರು. ಬ್ಯಾಗು ನಾನೇ ಹೊತ್ತೆ. ರಾಯರು ಬೇಡ ಬೇಡ ಅಂದರು, ನನಗೆ ಹೆಗಲಿಗೆ ಆ ಭಾರ ಬೇಕಾಗಿತ್ತು.

ಸೆವೆನ್ ಐರನ್‌ನಲ್ಲಿ ಹಿಂದೆ 140 ಗಜ ಹೋಗುತ್ತಿದ್ದ ಚೆಂಡು ಈಗ 120 ಹೋಗುತ್ತದೆ. ಅದನ್ನು ಮೊದಲೇ ಒಪ್ಪಿಕೊಂಡು ಕ್ಲಬ್ ಆರಿಸಿದೆವು. ಮೊದಲ ನಾಲ್ಕು ಹೋಲ್‌ನಲ್ಲಿ ಒಂದೂ ಫ್ಯಾಟ್ ಇಲ್ಲ. ಐದನೆಯದರಲ್ಲಿ ಸತತ ಎರಡು. ಎರಡನೆಯದಕ್ಕೆ ಹುಲ್ಲಿನ ಹೆಂಟೆ ಚೆಂಡಿಗಿಂತ ದೂರ ಹೋಯಿತು. ರಾಯರ ಮುಖ ಸಣ್ಣದಾಯಿತು. “ಮತ್ತೆ ಬಂತು ನೋಡು” ಅಂದರು. ನನಗೂ ಒಂದು ಕ್ಷಣ ಎದೆ ಧಸಕ್ ಅಂತು. ಆಮೇಲೆ ಅವರ ಮುಖ ನೋಡಿದೆ. ನಾಲ್ಕನೇ ಹೋಲ್ ಮುಗಿಸಿ ಸ್ಕೋರ್ ಕಾರ್ಡ್ ಬರೆಯುವಾಗ ಕನ್ನಡಕ ಬದಲಿಸಿದ್ದರು. ವಾಪಸ್ ಬದಲಿಸಿರಲಿಲ್ಲ.

ಒಂಬತ್ತು ಹೋಲ್ ಮುಗಿಸಲು ಒಟ್ಟು 50 ಹೊಡೆತ ಆಯಿತು. ಅವರ ಹಳೇ ಲೆಕ್ಕಕ್ಕೆ ಅದು ಹೇಳಿಕೊಳ್ಳುವ ಸ್ಕೋರ್ ಅಲ್ಲ. ಈಗ ಅವರ ಸ್ಕೋರ್ ಕಾರ್ಡ್ ಬರೆಯುವುದು ಅಮ್ಮ. ಬ್ಯಾಗಿನ ಪಕ್ಕದ ಜೇಬಿನಲ್ಲಿ ಪ್ರೊಗ್ರೆಸಿವ್ ಕನ್ನಡಕ ಇರುತ್ತದೆ, ಜಿಪ್ ಎಳೆದು, ಮೇಲೊಂದು ರಬ್ಬರ್ ಬ್ಯಾಂಡ್ ಹಾಕಿ.